ಇನಾಸ್ ಮಾಸ್ತರರ ಕೈ

ಶಿರಸಿ

ಇಂಗ್ಲೆಂಡಿಗೆ ಹೋಗಿ ಬಂದವರು ಈಗ ನಮ್ಮ ಶಿರಸಿಯಲ್ಲಿ ಬೇಕಷ್ಟು ಜನರಿದ್ದಾರೆ. ಅವರು ಅರಮನೆ ನೋಡಿದ್ದಾರೆ, ದೊಡ್ಡ ಗಡಿಯಾರ ನೋಡಿದ್ದಾರೆ, ಎರಡರ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ನಾನು ಅವೆರಡನ್ನೂ ನೋಡಲಿಲ್ಲ. ನಾನು ಹೋದದ್ದು ಒಬ್ಬರು ಕೈ ಬೀಸುವುದನ್ನು ನೋಡಲಿಕ್ಕೆ. ಅವರು ಯಾರು, ಕೈ ಬೀಸುವುದೆಂದರೆ ಏನು, ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ.

ಇನಾಸ್ ಮಾಸ್ತರರು ಯಲ್ಲಾಪುರದವರು. ಸೈನ್ಯದಲ್ಲಿ ನಮ್ಮ ಪಲ್ಟನ್ನಿನ ಬ್ಯಾಂಡಿಗೆ ಟ್ರೊಂಬೋನ್ ಕಲಿಸುತ್ತಿದ್ದರು. ಮೆರವಣಿಗೆಯ ಬ್ಯಾಂಡಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತ ಊದುತ್ತಾರಲ್ಲ, ಅದು ಟ್ರೊಂಬೋನ್. ಮುಂದೆ ನಿಲ್ಲಿಸುವುದು ಗೌರವಕ್ಕಲ್ಲ. ಹಿಂದೆ ನಿಲ್ಲಿಸಿದರೆ ಆ ಕೊಳವೆ ಎದುರಿನವನ ಬೆನ್ನಿಗೆ ಹೊಡೆಯುತ್ತದೆ.

ನಾನು ಹೇರೂರಿನ ಕಡೆಯವನು. ಮೀಸೆ ಮೂಡುವ ಮೊದಲೇ ಸೈನ್ಯ ಸೇರಿದವನು. ಆ ಬ್ಯಾಂಡಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅದಕ್ಕಾಗಿ ನನಗೆ ರಿಯಾಯಿತಿ ಸಿಗಲಿಲ್ಲ. ಕನ್ನಡದಲ್ಲಿ ಬೈಸಿಕೊಳ್ಳುವ ಭಾಗ್ಯ ಸಿಕ್ಕಿತು. ಟ್ರೊಂಬೋನಿನವನಿಗೆ ಊದುವ ಕೆಲಸಕ್ಕಿಂತ ಸುಮ್ಮನೆ ಕೂರುವ ಕೆಲಸ ಹೆಚ್ಚು. ಉಳಿದವರು ನುಡಿಸುವಾಗ ತಾಳದ ಆವರ್ತಗಳನ್ನು ಎಣಿಸುತ್ತ ಕೂತಿದ್ದು, ತನ್ನ ಜಾಗ ಬಂದ ಕೂಡಲೆ ಊದಬೇಕು. ಜಪಮಾಲೆ ಎಣಿಸುವವರಂತೆ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸರಿಸುತ್ತ ಎಣಿಸುವುದನ್ನು ಮಾಸ್ತರರು ಕಲಿಸಿದರು.

"ಮುಂದೆ ನಿಂತು ತಾಳಕ್ಕೆ ಕೈ ಬೀಸೂವನ ಕೈ ನೋಡ್ಬೇಡ, ಎಣಿಸು" ಎನ್ನುತ್ತಿದ್ದರು. "ಅವನ ಕೈ ನೊಣ ಕೂತರೂ ಅಲ್ಲಾಡ್ತದೆ. ಎಣಿಕೆ ಮೇಲೆ ನೊಣ ಕೂರೂದಿಲ್ಲ."

ಮುಂದೆ ಅವರ ಹೆಂಡತಿ ಲೂಸಿಬಾಯಿಗೆ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಾಸ್ತರರೂ ಹೋದರು. ಅಲ್ಲಿ ಶಾಲೆಯಿಂದ ಶಾಲೆಗೆ ತಿರುಗಿ ಟ್ರೊಂಬೋನ್ ಕಲಿಸಿದರು. ಬರುಬರುತ್ತ ಅವರಿದ್ದ ಊರಿನ ಆರ್ಕೆಸ್ಟ್ರಾಕ್ಕೇ, ಎಲ್ಲರ ಮುಂದೆ ನಿಂತು ಸಣ್ಣ ಕೋಲು ಹಿಡಿದು ಕೈ ಬೀಸುತ್ತ ನುಡಿಸುವವರನ್ನು ನಡೆಸುವ ಕಂಡಕ್ಟರ್ ಆದರು. ಎಂದರೆ, ಮೊದಲು ಯಾರ ಕೈ ನೋಡಬೇಡ ಎಂದು ಕಲಿಸಿದ್ದರೋ ಅವನ ಜಾಗದಲ್ಲೇ ಹೋಗಿ ನಿಂತರು. ಈ ಸುದ್ದಿಯನ್ನು ನಾನು ಶಿರಸಿಯಲ್ಲಿ ಹೇಳಿದಾಗ, ನೆರೆಮನೆಯ ಹೆಗಡೇರು ಕೇಳಿದ್ದು, "ಹೌದಾ? ಯಾವ ಸಿನೆಮಾದ ಹಾಡು ಹೇಳ್ತ್ರು ಅಲ್ಲಿ?" ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಅದೇ ಅಲ್ಲವೆ?

ನಾನು ಪಿಂಚಣಿ ಪಡೆದು ಬಂದು, ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾಗಿ, ತೊಂಬತ್ತರ ದಶಕದಲ್ಲಿ ಶಿರಸಿಯಲ್ಲಿ ಒಂದು ಬ್ಯಾಂಡ್ ಕಟ್ಟಿದೆ. ಸಿದ್ದಾಪುರ, ಯಲ್ಲಾಪುರದಿಂದಲೂ ಕಲಿಯಲು ಬರುತ್ತಿದ್ದರು. ಮಾಸ್ತರರು ಆಗೀಗ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಒಂದು ದಿನ ಬಂದು ನಿನ್ನ ಬ್ಯಾಂಡಿಗೆ ಕೈ ಬೀಸ್ತೆ, ತಯಾರು ಮಾಡಿಟ್ಕ." ನಾನು ತಯಾರು ಮಾಡಿದೆ. ಅವರು ಬರಲಿಲ್ಲ. ಅಷ್ಟರಲ್ಲಿ ಮದುವೆಗಳಿಗೆ ಕೀಬೋರ್ಡು, ದೊಡ್ಡ ಸ್ಪೀಕರು ಬಂದು ಬ್ಯಾಂಡ್ ಕರಗುತ್ತ ಹೋಯಿತು. ಅವರಿಗೆ ತೋರಿಸಲು ಏನೂ ಉಳಿಯದ ಹೊತ್ತಿಗೆ ಅವರ ಫೋನ್ ಬಂತು.

"ಗಣಪತಿ, ಈ ಕಾರ್ತೀಕದಲ್ಲಿ ಕೊನೇ ಸಲ ಕೈ ಬೀಸ್ತೆ. ಆಮೇಲೆ ಬಿಟ್ಟೆ. ಟ್ರೊಂಬೋನಿನ ಮೂವರಲ್ಲಿ ಒಬ್ಬ ಊರು ಬಿಟ್ಟಿದ್ದಾನೆ. ಟಿಕೀಟು ನಾ ಕಳಸ್ತೆ. ನೀ ಬಂದು ಕೂರು."

ನನ್ನ ಹೆಂಡತಿ ಭಾಗೀರಥಿ ಪಕ್ಕದಲ್ಲೇ ಇದ್ದಳು. "ಈ ವಯಸ್ಸಲ್ಲಿ ಅಷ್ಟ್ ದೂರ ಹೋಗಿ ಊದೂದೆಂತಕ್ಕೆ? ಇಲ್ಲೇ ಊದಿ, ಫೋನಲ್ಲಿ ಕೇಳ್ಸಿ" ಎಂದಳು. ಮತ್ತೆ ತಾನೇ, "ಹೋಗಿ ಬನ್ನಿ. ಅವರು ಕೈ ಬೀಸೂದು ಹ್ಯಾಂಗೆ ಅಂತ ನಂಗೂ ಬಂದು ಹೇಳಿ. ಮದುವೆ ಆದಾಗಿಂದ ಕೇಳ್ತಾ ಬಂದಿದ್ದೆ ಆ ಮಾಸ್ತರ್ರ ಕಥೆ" ಎಂದಳು.

ಹೊರಡುವ ಹಿಂದಿನ ದಿನ ಟ್ರೊಂಬೋನನ್ನು ಬಿಚ್ಚಿ, ಒರೆಸಿ, ಜಾರುವ ಕೊಳವೆಗೆ ತೆಂಗಿನೆಣ್ಣೆ ಹಚ್ಚಿದೆ. ಅದಕ್ಕೆಂದೇ ಬೇರೆ ಕ್ರೀಮು ಇದೆ, ಶಿರಸಿಯಲ್ಲಿ ಸಿಗುವುದಿಲ್ಲ. ತೆಂಗಿನೆಣ್ಣೆಯಲ್ಲೇ ನಮ್ಮ ಬ್ಯಾಂಡ್ ನಡೆದದ್ದು. ದೂರದ ಪ್ರಯಾಣ, ತುಕ್ಕು ಹಿಡಿಯಬಾರದೆಂದು ಎಂದಿಗಿಂತ ದಪ್ಪವಾಗಿಯೇ ಹಚ್ಚಿ, ಒಂದು ಶೀಸೆಯನ್ನು ಜೊತೆಗೂ ಇಟ್ಟುಕೊಂಡೆ. ನನಗಾಗಿ ಎರಡು ಸ್ವೆಟರ್, ಒಂದು ಮಂಗನಟೊಪ್ಪಿ. ಛಳಿಯ ಬಗ್ಗೆ ಎಲ್ಲ ಯೋಚಿಸಿದ್ದೇನೆ ಅಂದುಕೊಂಡಿದ್ದೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಪೆಟ್ಟಿಗೆ ತೆಗೆಸಿದ ಅಧಿಕಾರಿ ಸರ್ದಾರ್ಜಿ. ಟ್ರೊಂಬೋನನ್ನು ಬಿಟ್ಟು ಶೀಸೆಯನ್ನು ಎತ್ತಿ ಹಿಡಿದರು. ಒಳಗೆ ಎಣ್ಣೆ ಸುಣ್ಣದಂತೆ ಬಿಳಿಯಾಗಿ ಗಟ್ಟಿಯಾಗಿತ್ತು.

"ತಲೆಗೋ, ಅಡುಗೆಗೋ?" ಎಂದು ಹಿಂದಿಯಲ್ಲಿ ಕೇಳಿದರು.

"ವಾದ್ಯಕ್ಕೆ" ಎಂದೆ.

ಅವರು ನನ್ನನ್ನು, ನನ್ನ ಮಂಗನಟೊಪ್ಪಿಯನ್ನು, ಪಾಲಿಶ್ ಮಾಡಿದ ಬೂಟುಗಳನ್ನು ನೋಡಿದರು. "ಯಾವ ಪಲ್ಟನ್ನು?" ಎಂದು ಕೇಳಿ, ಉತ್ತರ ಕೇಳಿ, ಶೀಸೆಯನ್ನು ಅವರೇ ಒಳಗಿಟ್ಟು ಪೆಟ್ಟಿಗೆ ಮುಚ್ಚಿದರು.

ಆ ಗಟ್ಟಿಯಾದ ಎಣ್ಣೆ ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಶಿರಸಿಯಲ್ಲೂ ಛಳಿಗಾಲದ ಬೆಳಗುಗಳಲ್ಲಿ ಎಣ್ಣೆ ಹೆಪ್ಪುಗಟ್ಟುತ್ತದೆ. ಕಿಟಕಿಯ ಬಿಸಿಲಿಗೆ ಇಟ್ಟರೆ ಕರಗುತ್ತದೆ. ಬಿಸಿಲೇ ಇಲ್ಲದ ಊರೂ ಇರಬಹುದೆಂದು ಹೊಳೆಯಲಿಲ್ಲ.

ಮಾಸ್ತರರ ಮನೆ

ಮಾಸ್ತರರು ಕುಗ್ಗಿದ್ದರು. ನನಗಿಂತ ಎತ್ತರ ಎಂಬ ನೆನಪಿತ್ತು. ಬಾಗಿಲಲ್ಲಿ ನಿಂತವರು ನನ್ನ ಭುಜಕ್ಕೆ ಬಂದರು. ನಾನು ಅಟೆನ್ಶನ್ನಿನಲ್ಲಿ ನಿಂತೆ. ಅವರು ನನ್ನ ಟೊಪ್ಪಿ ಎಳೆದು, "ಒಳಗೆ ಬಾರೋ ಮಂಗಾ, ಥಂಡಿ ಬರ್ತದೆ" ಎಂದರು.

ಲೂಸಿಬಾಯಿ ಮೀನು ಸಾರು ಮಾಡಿದ್ದರು. ಊಟಕ್ಕೆ ಕೂತಾಗ ಗಂಡ ಹೆಂಡತಿ ಇಬ್ಬರೂ ಯಲ್ಲಾಪುರದ ಒಂದೊಂದೇ ಓಣಿಯ ಹೆಸರು ಹಿಡಿದು ಕೇಳಿದರು. ಹತ್ತಿರದ ಕಿರವತ್ತಿಯಲ್ಲಿ ಈಗ ಸಾಲು ಸಾಲು ಧಾಬಾ ಇವೆ, ರಾತ್ರಿಯಿಡೀ ಲಾರಿ ನಿಲ್ಲುತ್ತವೆ ಎಂದೆ. ಮಾಸ್ತರರು ನಂಬಲೇ ಇಲ್ಲ. "ಅಲ್ಲಿ ಎಂತ ಇತ್ತೋ? ಕಾಡು, ಮತ್ತೊಂದು ಕಾಡು!"

ಅವರು ಕಂಡಕ್ಟರ್ ಆದದ್ದು ಹೇಗೆಂದು ನಾನು ಕೇಳಿದೆ. ಏನೋ ದೊಡ್ಡ ಪರೀಕ್ಷೆ ಇರಬಹುದು ಎಂದುಕೊಂಡಿದ್ದೆ.

"ಪರೀಕ್ಷೆ ಎಂತದು! ಒಂದಿನ ಹಿಮ ಬಿದ್ದು ರಸ್ತೆ ಬಂದ್. ತಾಲೀಮಿಗೆ ಕಂಡಕ್ಟರ್ ಬರ್ಲಿಲ್ಲ. ಎಲ್ಲಾರೂ ತಿರುಗಿ ನೋಡಿದ್ರು, ಸುಮ್ನೆ ಕೂತವ ಯಾರು ಅಂತ. ಟ್ರೊಂಬೋನಿನವನೇ! 'ನೀ ಹ್ಯಾಂಗೂ ಖಾಲಿ ಕೂತಿದ್ದೆ, ಹೋಗಿ ಕೈ ಬೀಸು' ಅಂದ್ರು. ಹೋದೆ. ಆ ಪುಣ್ಯಾತ್ಮ ಆಮೇಲೆ ತಿರುಗಿ ಬರ್ಲೇ ಇಲ್ಲ. ನಾ ತಿರುಗಿ ಕೂರ್ಲೇ ಇಲ್ಲ."

ಲೂಸಿಬಾಯಿ ನಕ್ಕರು. ಮಾಸ್ತರರು ನಗಲಿಲ್ಲ. ಸಾರನ್ನು ಕಲಸುತ್ತ, "ಅವತ್ತಿಂದ ನನ್ನ ಮೈಯಿಂದ ಒಂದು ಸ್ವರ ಹೊರಟಿಲ್ಲ ಗಣಪತಿ. ಕೈ ನಂದು, ಉಸಿರು ಬೇರೆಯವರದು" ಎಂದರು. ಅವರ ಟ್ರೊಂಬೋನ್ ಎಲ್ಲಿ ಎಂದು ಕೇಳಿದೆ. ಶಾಲೆಯೊಂದಕ್ಕೆ ಕೊಟ್ಟುಬಿಟ್ಟಿದ್ದರಂತೆ. ಮನೆಯಲ್ಲಿದ್ದರೆ ನೋಡಿ ನೋಡಿ ಬೇಜಾರು ಎಂದು.

ನಾನು ಊರಿನ ಕ್ರಮವನ್ನು ಬಿಡಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಗಡ್ಡ ಹೆರೆದು, ಹಾಸಿಗೆ ಮಡಿಸಿಟ್ಟು ಅಭ್ಯಾಸಕ್ಕೆ ಕೂರುತ್ತಿದ್ದೆ. ಆ ದೇಶದಲ್ಲಿ ಮನೆಯೊಳಗೆಲ್ಲ ಗೋಡೆಗೆ ಬಿಸಿನೀರಿನ ಕೊಳವೆ ಹಾಯಿಸಿರುತ್ತಾರೆ. ಕೋಣೆ ನಮ್ಮ ಹೊಡಸಲಿನ ಬೆಂಕಿಯ ಪಕ್ಕದಂತೆ ಬೆಚ್ಚಗಿರುತ್ತದೆ. ಎಣ್ಣೆ ಕರಗಿ ಕೊಳವೆ ಸಲೀಸಾಗಿ ಜಾರುತ್ತಿತ್ತು. ಆದರೆ ನಾನು ಊದತೊಡಗಿದ ಕೂಡಲೆ ಮಾಸ್ತರರು ಕೋಟು ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಅಷ್ಟು ಕೆಟ್ಟದಾಗಿದೆಯೇ ಎಂದು ಲೂಸಿಬಾಯಿಯನ್ನು ಕೇಳಿದೆ.

"ಅಲ್ಲವೋ. ಈಗ ಕೇಳಿದ್ರೆ ಅದರ ರುಚಿ ಹೋಗ್ತದಂತೆ. ಕಚೇರಿ ದಿನ ಆ ಜಾಗ ಬರ್ತದಲ್ಲ, ಅಲ್ಲೇ ಕೇಳ್ತಾರಂತೆ. ಅದಕ್ಕೇ ನಿನ್ನ ಕರ್ಸಿದ್ದು."

ಆ ಜಾಗ ಯಾವುದೆಂದು ಹೇಳಬೇಕು. ಕೊನೆಯ ಕೃತಿ ದೀರ್ಘವಾದದ್ದು. ಅದರ ಹೆಚ್ಚಿನ ಭಾಗ ಟ್ರೊಂಬೋನಿಗೆ ಕೆಲಸವೇ ಇಲ್ಲ. ಕೊನೆಗೊಮ್ಮೆ ಪಿಟೀಲು, ಕೊಳಲು, ನಗಾರಿ ಎಲ್ಲವೂ ಒಮ್ಮೆಲೆ ನಿಲ್ಲುತ್ತವೆ. ಒಂದು ಮೌನ. ಆಮೇಲೆ ಮೂರೇ ಟ್ರೊಂಬೋನ್‌ಗಳು, ಯಾರೋ ಪಕ್ಕದ ಕೋಣೆಯಲ್ಲಿ ಪ್ರಾರ್ಥನೆ ಹೇಳಿದಷ್ಟು ಮೆತ್ತಗೆ ಊದಬೇಕು. ಅಷ್ಟೇ ನಮ್ಮ ಕೆಲಸ. ಸಿದ್ದಾಪುರದ ಮದುವೆಯಲ್ಲಿ ಹೀಗೆ ವಾದ್ಯ ತೊಡೆಯ ಮೇಲಿಟ್ಟು ಕೂತಿದ್ದರೆ ಹೆಣ್ಣಿನ ಸೋದರಮಾವ ಬಂದು, "ಎಂತದೋ, ಇವಂಗೆ ಊಟ ಜಾಸ್ತಿ ಆತು ಕಾಣ್ತು" ಎನ್ನದೆ ಬಿಡುತ್ತಿರಲಿಲ್ಲ.

ತಾಲೀಮಿನ ದಿನ

ತಾಲೀಮು ನಡೆಯುವುದು ಇಗರ್ಜಿಗೆ, ಎಂದರೆ ಚರ್ಚಿಗೆ, ಸೇರಿದ ಹಳೆಯ ಸಭಾಂಗಣದಲ್ಲಿ. ಆರ್ಕೆಸ್ಟ್ರಾದವರು ಯಾರೂ ವೃತ್ತಿಯವರಲ್ಲ. ಡಾಕ್ಟರು, ಟೈಪಿಸ್ಟು, ಶಾಲೆಯ ಟೀಚರಬಾಯಿ. ಎಲ್ಲರೂ ತಮ್ಮ ಚಹಾದ ಬಟ್ಟಲನ್ನು ಮನೆಯಿಂದಲೇ ತರುತ್ತಾರೆ. ಮೊಮ್ಮಗಳ ವಯಸ್ಸಿನ ಪಿಟೀಲಿನ ಹುಡುಗಿ ಮಾಸ್ತರರಿಗೆ "ಇಗ್ಗಿ, ನಿಮ್ಮ ಮಫ್ಲರ್ ಕೆಳಗೆ ಬಿತ್ತು" ಎಂದಳು. ಇನಾಸ್ ಎಂಬುದು ಅಲ್ಲಿ ಇಗ್ನೇಷಿಯಸ್ ಆಗಿ, ಇಗ್ಗಿ ಆಗಿತ್ತು. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮಾಸ್ತರರು, "ಥ್ಯಾಂಕ್ಯೂ ಡಿಯರ್" ಎಂದು ಎತ್ತಿಕೊಂಡರು.

ತಣ್ಣಗೆ ಕೊರೆಯುವ ಕಾರಿನ ಡಿಕ್ಕಿಯಲ್ಲಿ ಟ್ರೊಂಬೋನ್ ಬಂದಿತ್ತು. ಸಭಾಂಗಣಕ್ಕೆ ಬಿಸಿ ಹಾಯಿಸುವುದು ಕಚೇರಿಯ ದಿನ ಮಾತ್ರವಂತೆ. ನನ್ನ ಪಕ್ಕದಲ್ಲಿ ಕೂತವರು ಕೀತ್ ಎಂಬ ಹಲ್ಲಿನ ಡಾಕ್ಟರು. ಅವರಿಗೆ ನಮಸ್ಕಾರ ಹೇಳಿ, ವಾದ್ಯವನ್ನು ಜೋಡಿಸಿ, ಕೊಳವೆಯನ್ನು ಮುಂದಕ್ಕೆ ನೂಕಿದೆ. ಜಗ್ಗಲಿಲ್ಲ. ಇನ್ನೂ ಬಲವಾಗಿ ನೂಕಿದೆ. ಹೂತ ಗೂಟದ ಹಾಗೆ ನಿಂತಿತ್ತು. ನನಗೆ ಎರಡು ಸ್ವೆಟರ್ ಇದ್ದವು. ಅದಕ್ಕೆ ಒಂದೂ ಇರಲಿಲ್ಲ.

ಮಾಸ್ತರರು ಕೋಲು ಎತ್ತುವುದರೊಳಗೆ ನಾನು ವಾದ್ಯ ಹಿಡಿದು ಹಿಂಬದಿಯ ಅಡುಗೆಮನೆಗೆ ಹೋದೆ. ಅಲ್ಲಿ ಚಹಾ ಕಾಸುತ್ತಿದ್ದ ಅಜ್ಜಿಯೊಬ್ಬರಿಗೆ ಕೈಸನ್ನೆ ಮಾಡಿ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಕೆಟಲಿನ ಬಿಸಿನೀರನ್ನು ಕೊಳವೆಯ ಮೇಲೆ ಸುರಿದರು. ಕೊಳವೆ ಜಾರಿತು. ಆದರೆ ತಣ್ಣಗಾದ ಕೂಡಲೆ ಮತ್ತೆ ಹಿಡಿಯಿತು. ಪೂರ್ತಿ ಬಿಚ್ಚಿ, ಪಾತ್ರೆಯ ಸೋಪು ಹಾಕಿ ತಿಕ್ಕಿ ತೊಳೆಯದೆ ಬೇರೆ ದಾರಿ ಇರಲಿಲ್ಲ. ಇಡೀ ಅಡುಗೆಮನೆ ತೆಂಗಿನೆಣ್ಣೆಯಿಂದ ಘಮಘಮಿಸಿತು. ಅಜ್ಜಿ ಮೂಸಿ ನೋಡಿ, "ಆಹಾ, ಯಾರೋ ಬಿಸ್ಕೆಟ್ ಸುಡುತ್ತಿರುವ ಹಾಗಿದೆ" ಎಂದರು. ಗೋಡೆಯಾಚೆ ಸಂಗೀತ ನಡೆದೇ ಇತ್ತು. ಒಮ್ಮೆ ಅದು ನಿಂತಿತು. ಮಾಸ್ತರರು ಏನೋ ಹೇಳುತ್ತಿರುವುದು ಕೇಳಿತು, ಏನೆಂದು ತಿಳಿಯಲಿಲ್ಲ. ಮತ್ತೆ ಶುರುವಾಯಿತು.

ನಾನು ತೊಳೆದು ಒರೆಸಿ ಹೊರಬರುವ ಹೊತ್ತಿಗೆ ಎಲ್ಲರೂ ಕುರ್ಚಿ ಮಡಚುತ್ತಿದ್ದರು. ಮಾಸ್ತರರು ನನ್ನ ಒದ್ದೆ ತೋಳುಗಳನ್ನು ನೋಡಿದರು.

"ಎಂತದೋ, ಟ್ರೊಂಬೋನಿಗೆ ಅಭ್ಯಂಗ ಮಾಡ್ಸಿದ್ಯಾ? ದೀಪಾವಳಿ ಕಳೆದು ಹೋಯ್ತಲ್ಲೋ!"

ತಲೆ ತಗ್ಗಿಸಿದೆ. "ಆಗ್ಲಿ ಬಿಡು. ನಿಂಗೆ ತಾಲೀಮು ಎಂತಕ್ಕೆ? ಎಣಿಸೂದು ಗೊತ್ತಲ್ಲ" ಎಂದು ಬೆನ್ನು ತಟ್ಟಿದರು. ಕೀತ್ ತಮ್ಮ ಕ್ರೀಮಿನ ಡಬ್ಬಿಯನ್ನು ನನ್ನ ಕೈಗಿತ್ತು, "ಆ ಜಾಗದಲ್ಲಿ ಅವರನ್ನೇ ನೋಡುತ್ತಿರಿ" ಎಂದರು. ಅದು ಎಲ್ಲ ಆರ್ಕೆಸ್ಟ್ರಾದವರೂ ಉಪಚಾರಕ್ಕೆ ಹೇಳುವ ಮಾತೆಂದು ಭಾವಿಸಿ ಧನ್ಯವಾದ ಹೇಳಿದೆ.

ಆಮೇಲೆ ಕಂಡದ್ದನ್ನು ನಂಬಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ಹೋದ ಮೇಲೆ ಮಾಸ್ತರರು ಅಂಗಿಯ ತೋಳು ಮಡಚಿ ಅಡುಗೆಮನೆಯ ಪಾತ್ರೆ ತೊಳೆಯಲು ನಿಂತರು. ಕಂಡಕ್ಟರ್ ಆದಾಗಿನಿಂದ ಅದು ಅವರದೇ ಪಾಳಿಯಂತೆ. "ನೀವೆಂತಕ್ಕೆ ಮಾಸ್ತರ್ರೆ?" ಎಂದು ಕಿತ್ತುಕೊಳ್ಳಹೋದೆ. "ಬಿಡೋ. ಈ ಕೈ ಇಲ್ಲಾದ್ರೂ ಎಂತದಾದ್ರೂ ಮುಟ್ಲಿ" ಎಂದರು.

ಕಚೇರಿಯ ದಿನ

ಸಭಾಂಗಣ ತುಂಬಿತ್ತು, ಬೆಚ್ಚಗಿತ್ತು. ಆ ಜನರ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಸಂಗೀತ ನಡೆಯುವಾಗ ಯಾರೂ ಕೆಮ್ಮುವುದಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಲ್ಲರೂ ಒಟ್ಟಿಗೆ ಕೆಮ್ಮಿಕೊಳ್ಳುತ್ತಾರೆ. ಕೆಮ್ಮಿಗೂ ಹೊತ್ತು ಗೊತ್ತು ಮಾಡಿದ ಜನ.

ಮಾಸ್ತರರು ಕರಿ ಕೋಟು ತೊಟ್ಟು ಬಂದು ನಿಂತರು. ನಾನು ಎದ್ದು ನಿಂತೆ. ಕೀತ್ ಮೆಲ್ಲಗೆ ನನ್ನ ಕೋಟು ಜಗ್ಗಿ ಕೂರಿಸಿದರು.

ಕೊನೆಯ ಕೃತಿ ಶುರುವಾಯಿತು. ನಾನು ವಾದ್ಯವನ್ನು ತೊಡೆಯ ಮೇಲಿಟ್ಟು, ತಲೆ ತಗ್ಗಿಸಿ, ಹೆಬ್ಬೆರಳನ್ನು ಗೆಣ್ಣಿನ ಮೇಲಿಟ್ಟೆ. ಪಿಟೀಲುಗಳು ಏರಿದವು, ಇಳಿದವು. ನನ್ನ ಬೆರಳು ಒಂದು ಗೆಣ್ಣನ್ನೂ ಹಾರಲಿಲ್ಲ. ಕೈ ತುಂಬಿತು, ಮತ್ತೊಂದು ಕೈ ತುಂಬಿತು, ಮತ್ತೆ ಮೊದಲ ಕೈಗೆ ಬಂದೆ. ಅಷ್ಟು ವರ್ಷಗಳ ಮೇಲೂ ಎಣಿಕೆ ತಪ್ಪಲಿಲ್ಲವೆಂದು ಒಳಗೊಳಗೇ ಹೆಮ್ಮೆಯಾಯಿತು. ವಾದ್ಯ ಎತ್ತಿ ತುಟಿಗಿಟ್ಟೆ. ಎಲ್ಲ ವಾದ್ಯಗಳೂ ನಿಂತವು. ಹಾಳೆಯಲ್ಲಿ ಬರೆದಷ್ಟು ಮೌನವನ್ನು ಎಣಿಸಿದೆ. ಎಣಿಕೆ ಮುಗಿಯಿತು. ಊದಿದೆ.

ಸ್ವರ ಚೆನ್ನಾಗಿಯೇ ಬಂತು. ಮೆತ್ತಗೆ, ದುಂಡಗೆ, ಮಾಸ್ತರರು ಕಲಿಸಿದ ಹಾಗೆಯೇ. ಆದರೆ ಒಂದೇ ಬಂತು. ಎಡಬಲದ ಇಬ್ಬರೂ ಊದಲಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ನಾನೊಬ್ಬನೇ. ನಿಲ್ಲಿಸಬೇಕೋ ಬೇಡವೋ ಎನ್ನುವಷ್ಟರಲ್ಲಿ ಕೀತ್ ಸೇರಿದರು, ಮೂರನೆಯವರೂ ಸೇರಿದರು, ಸಂಗೀತ ಮುಂದೆ ಸಾಗಿತು. ಕೇಳುವವರಿಗೆ ಅದು ಹಾಗೆಯೇ ಇರಬೇಕಾದದ್ದೆಂದು ತೋರಿರಬೇಕು. ಕೃತಿ ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ತುಂಬ ಹೊತ್ತು ತಟ್ಟಿದರು.

ಏನಾಯಿತೆಂದು ಕೀತ್ ಹೇಳಿದ್ದು ಆಮೇಲೆ, ಪೆಟ್ಟಿಗೆ ಮುಚ್ಚುವಾಗ. ನಾನು ಅಡುಗೆಮನೆಯಲ್ಲಿ ಎಣ್ಣೆ ತೊಳೆಯುತ್ತಿದ್ದಾಗ ಮಾಸ್ತರರು ಎಲ್ಲರಿಗೂ ಹೇಳಿದ್ದರಂತೆ: ಆ ಮೌನವನ್ನು ಈ ಸಲ ಬರೆದಷ್ಟಕ್ಕೆ ಬಿಡುವುದಿಲ್ಲ, ನನಗೆ ಬೇಕಾದಷ್ಟು ಹೊತ್ತು ಹಿಡಿದಿಡುತ್ತೇನೆ, ಯಾರೂ ಎಣಿಸಬೇಡಿ, ನನ್ನ ಕೈ ನೋಡಿ. ಕಂಡಕ್ಟರ್ ಆಗಿದ್ದಷ್ಟು ಕಾಲವೂ ಅವರು ಅಂಥ ಒಂದು ಸ್ವಾತಂತ್ರ್ಯವನ್ನು ತೆಗೆದುಕೊಂಡಿರಲಿಲ್ಲವಂತೆ. "ನಿಮಗೆ ಅವರು ಮನೆಯಲ್ಲಿ ಹೇಳಿರುತ್ತಾರೆ ಎಂದುಕೊಂಡೆ" ಎಂದರು ಕೀತ್. ನನಗೆ ಕೀತ್ ಹೇಳಿರುತ್ತಾರೆ ಎಂದು ಮಾಸ್ತರರು ಅಂದುಕೊಂಡಿದ್ದರು.

ಕಾರಿನಲ್ಲಿ ಮನೆಗೆ ಹೊರಟೆವು. ನಾನೇ, "ಮಾಸ್ತರ್ರೆ, ನಿಮ್ಮ ಮೌನ ನಾ ಮುರಿದು ಹಾಕಿದೆ" ಎಂದೆ.

"ನನ್ನ ಮೌನ ಎಷ್ಟು ಉದ್ದ ಅಂತ ನಿಂಗೆ ಯಾರು ಹೇಳಿದ್ದೋ?"

"ನೀವೇ. ಪಲ್ಟನ್ನಲ್ಲಿ. ಬರೆದಷ್ಟು ಎಣಿಸು ಅಂತ."

ಅವರು ನಕ್ಕರು. ಬಹಳ ಹೊತ್ತು ನಕ್ಕರು. ಲೂಸಿಬಾಯಿ ತಿರುಗಿ ಅವರ ಮುಖ ನೋಡಿದ ಮೇಲೆ ಸುಮ್ಮನಾದರು.

ಮರುದಿನ

ಬೆಳಿಗ್ಗೆ ನಾನು ಎದ್ದಾಗ ಮಾಸ್ತರರು ಆಗಲೇ ಎದ್ದು, ನನ್ನ ಪೆಟ್ಟಿಗೆಯ ಮುಂದೆ ಕೂತಿದ್ದರು. "ತೆಗೀಲಾ?" ಎಂದರು. ಅವರು ನನ್ನ ಅನುಮತಿ ಕೇಳಿದ್ದು ಅದೇ ಮೊದಲು.

ವಾದ್ಯವನ್ನು ಜೋಡಿಸಿದ ರೀತಿ ಮಾತ್ರ ಹಿಂದಿನ ಹಾಗೆಯೇ ಇತ್ತು. ಕಣ್ಣು ಮುಚ್ಚಿ ಜೋಡಿಸಿದರು. ತುಟಿಗಿಟ್ಟು ಊದಿದರು. ಗಾಳಿ ಹೊರಟಿತು. ಮತ್ತೆ ಊದಿದರು. ಗಾಳಿಯೇ. ಊದದೆ ಬಿಟ್ಟ ತುಟಿ ಬಿದ್ದುಹೋಗುತ್ತದೆ. ಅದನ್ನೂ ನನಗೆ ಅವರೇ ಹೇಳಿದ್ದರು. ಬಾಯಿ ಇಟ್ಟ ಜಾಗವನ್ನು ಕರವಸ್ತ್ರದಿಂದ ಒರೆಸಿ ಹಿಂದಕ್ಕೆ ಕೊಟ್ಟರು.

"ನಿನ್ನೆ ನೀ ಒಬ್ಬನೇ ಊದಿದ್ಯಲ್ಲ" ಎಂದರು. "ನಾ ಹೆದರಿಬಿಟ್ಟೆ. ಕಂಡಕ್ಟರ್ ನೋಡು, ಎಲ್ಲಿ ಯಾರು ಒಬ್ಬನೇ ಆದ್ರೂ ಕೈ ತಂತಾನೇ ಹೋಗಿ ಉಳಿದವರನ್ನ ಒಳಗೆ ತರ್ತದೆ. ತರಬಾರ್ದಾಗಿತ್ತು. ಅಂಥ ಸ್ವರ ಕೇಳದೆ ಎಷ್ಟು ಕಾಲ ಆಯ್ತು! ಹಳೇ ಮಾಸ್ತರನೇ ಆಗಿದ್ದಿದ್ರೆ ಕೈ ಕಟ್ಟಿ ನಿಂತು ಕೇಳ್ತಿದ್ದೆ. ನಿನ್ನುಸಿರು ಮುಗಿಯೂವರೆಗೆ."

ವಾದ್ಯವನ್ನು ಎತ್ತಿಕೊಂಡು, "ಈಗ ಊದ್ಲಾ ಮಾಸ್ತರ್ರೆ?" ಎಂದೆ.

ತಲೆ ಅಲ್ಲಾಡಿಸಿದರು. "ಬೇಡ. ಈಗ ಊದಿದ್ರೆ ಅದು ಈಗಿಂದೇ ಆಗ್ತದೆ."

ಹೊರಡುವಾಗ ಬಸ್ ನಿಲ್ದಾಣಕ್ಕೆ ಲೂಸಿಬಾಯಿ ಬಂದರು. ಮಾಸ್ತರರಿಗೆ ಮೊಣಕಾಲು ನೋವು. ಬಸ್ಸು ಬರುವ ಮೊದಲು ಲೂಸಿಬಾಯಿ ಹೇಳಿದರು: "ನಾನು ಮುಂದಿನ ಸಾಲಲ್ಲಿ, ಬದಿಗೆ ಕೂತಿದ್ದೆ. ಅವರ ಮುಖ ಕಾಣ್ತಿತ್ತು. ಎಲ್ಲಾ ನಿಂತ ಮೇಲೆ ಎಡಗೈ ಮೇಲೆತ್ತಿ ಹಿಡ್ಕಂಡು ನಿನ್ನನ್ನೇ ನೋಡ್ತಾ ಇದ್ರು. ಉಳಿದವರೆಲ್ಲಾ ಅವರ ಕೈ ನೋಡ್ತಿದ್ರು. ಅವರು ನಿನ್ನ. ನೀ ಒಂದ್ಸಲ ತಲೆ ಎತ್ತಿದ್ರೆ ಸಾಕಿತ್ತೋ." ಬೈಯುವ ದನಿಯಲ್ಲಿ ಹೇಳಲಿಲ್ಲ. ನನ್ನ ಮಂಗನಟೊಪ್ಪಿಯ ಕಿವಿ ಸರಿಮಾಡಿ ಬಸ್ಸು ಹತ್ತಿಸಿದರು.

ಮತ್ತೆ ಶಿರಸಿ

ಮನೆಗೆ ಬಂದ ಮಧ್ಯಾಹ್ನ ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ಅದರದರ ಜಾಗದಲ್ಲಿಟ್ಟೆ. ಸ್ವೆಟರ್ ಬೀರುವಿಗೆ, ಟ್ರೊಂಬೋನ್ ಅಟ್ಟದ ಕೆಳಗಿನ ಮೊಳೆಗೆ, ಬಳಸದೆ ತಂದ ಎಣ್ಣೆಯ ಶೀಸೆ ಕಿಟಕಿಗೆ. ಊಟ ಮುಗಿಯುವುದರೊಳಗೆ ಅದು ಕರಗಿ ನೀರಾಗಿತ್ತು.

ಭಾಗೀರಥಿಗೆ ಕೆಮ್ಮುವವರ ಕಥೆ ಹೇಳಿದೆ, ನಕ್ಕಳು. ಕೆಟಲಿನ ಅಜ್ಜಿಯ ಕಥೆ ಹೇಳಿದೆ. ಪಾತ್ರೆ ತೊಳೆಯುವ ಕಂಡಕ್ಟರರ ಕಥೆ ಹೇಳಿದೆ, ನಂಬಲಿಲ್ಲ. ಎಲ್ಲ ಕೇಳಿಯಾದ ಮೇಲೆ ಅವಳು ಎಲೆಯಡಿಕೆ ಕವಳದ ತಟ್ಟೆ ಹತ್ತಿರ ಎಳೆದುಕೊಂಡು ಆರಾಮಾಗಿ ಕೂತಳು.

"ಅದೆಲ್ಲಾ ಇರ್ಲಿ. ಮಾಸ್ತರ್ರು ಕೈ ಬೀಸೂದು ಹ್ಯಾಂಗೆ ಕಾಣ್ತಿತ್ತು, ಅದು ಹೇಳಿ."

ನಾನು ಕೈ ಎತ್ತಿದೆ, ತೋರಿಸಲಿಕ್ಕೆ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಇಳಿಸಿದೆ.

"ನೋಡ್ಲಿಲ್ವಾ?" ಎಂದಳು ಅವಳು. "ಅಷ್ಟ್ ದೂರ ಹೋಗಿ ಎಂತ ಮಾಡ್ತಿದ್ರಿ ಮತ್ತೆ?"

"ಎಣಿಸ್ತಿದ್ದೆ" ಎಂದೆ.